ರಿಜಿಸ್ಟರ್‌ನಲ್ಲಿ ಇಲ್ಲದ ಕಾಲಂ

ಪ್ರಶ್ನೆ: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿದೆ ಅನ್ನುತ್ತಾರೆ. ಅದು ಜ್ವಾಲಾಮುಖಿಗಳಿಂದಲೂ ಬರುತ್ತದಲ್ಲ? ಕಲ್ಲಿದ್ದಲು, ಪೆಟ್ರೋಲ್ ಸುಟ್ಟಿದ್ದರಿಂದಲೇ ಹೆಚ್ಚಾಯಿತು ಅಂತ ಹೇಗೆ ಗೊತ್ತು? ಇದೆಲ್ಲ ಈಚೆಗೆ ಹುಟ್ಟಿಕೊಂಡ ಮಾತಲ್ಲವೇ?

ಉತ್ತರ: ನಾನು 26 ವರ್ಷ ಬಾಯ್ಲರ್ ನಡೆಸಿದವನು. ನಿಮ್ಮ ಪ್ರಶ್ನೆ ಓದಿದ ಕೂಡಲೇ ನಮ್ಮ ಶಿಫ್ಟಿನ ರಿಜಿಸ್ಟರ್ ನೆನಪಾಯಿತು. ಒಳಗೆ ಹಾಕಿದ ಕಲ್ಲಿದ್ದಲಿನ ತೂಕಕ್ಕೆ ಒಂದು ಕಾಲಂ, ಹೊರಗೆ ತೆಗೆದ ಬೂದಿಗೆ ಇನ್ನೊಂದು. ಹತ್ತು ಟನ್ ಹಾಕಿದರೆ ಬೂದಿ ನಾಲ್ಕು ಟನ್ನೂ ಬರುತ್ತಿರಲಿಲ್ಲ. ಮಿಕ್ಕಿದ್ದು ಎಲ್ಲಿ ಹೋಯಿತು? ಅದಕ್ಕೆ ಕಾಲಂ ಇರಲಿಲ್ಲ. ನಾನೂ ಎಷ್ಟೋ ವರ್ಷ ಆ ಪ್ರಶ್ನೆ ಕೇಳಿಕೊಳ್ಳಲಿಲ್ಲ.

12 ಕಿಲೋ ಇಂಗಾಲ ಉರಿಯುವಾಗ ಗಾಳಿಯಿಂದ 32 ಕಿಲೋ ಆಮ್ಲಜನಕ ಎಳೆದುಕೊಳ್ಳುತ್ತದೆ. ಎರಡೂ ಸೇರಿ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಚಿಮಣಿ ಹತ್ತುತ್ತದೆ. ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ.

ಈಗ ಜ್ವಾಲಾಮುಖಿಗೆ ಬರೋಣ. ಮನುಷ್ಯ ವರ್ಷಕ್ಕೆ ಬಿಡುವುದರ ನೂರರಲ್ಲಿ ಒಂದು ಪಾಲನ್ನೂ ಜ್ವಾಲಾಮುಖಿಗಳೆಲ್ಲ ಸೇರಿ ಬಿಡುವುದಿಲ್ಲ. ಆದರೆ ಬಾಯ್ಲರ್ ನೋಡಿಕೊಂಡಿದ್ದ ನನಗೆ ಇದಕ್ಕಿಂತ ಹಿಡಿಸಿದ ಪುರಾವೆ ಬೇರೆ ಇದೆ. ಚಿಮಣಿಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ನಾವು ಮೀಟರಿನಲ್ಲಿ ನೋಡುತ್ತಿದ್ದೆವು. ಬೆಂಕಿ ಹೇಗೆ ಉರಿಯುತ್ತಿದೆ ಅನ್ನುವುದನ್ನು ಅದೇ ಹೇಳುತ್ತಿತ್ತು. ಇಡೀ ಭೂಮಿಯ ಗಾಳಿಗೆ ಅಂಥದೇ ಮೀಟರ್ ಹಿಡಿದವರು ರಾಲ್ಫ್ ಕೀಲಿಂಗ್. 1980ರ ದಶಕದ ಕೊನೆಯಿಂದ ಅವರು ಅಳೆಯುತ್ತಾ ಬಂದ ಆಮ್ಲಜನಕ ವರ್ಷವರ್ಷವೂ ಚೂರು ಚೂರೇ ಇಳಿಯುತ್ತಿದೆ. ಉಸಿರಾಟಕ್ಕೆ ತೊಂದರೆಯಾಗುವಷ್ಟಲ್ಲ, ಹೆದರಬೇಡಿ. ಆದರೆ ಜ್ವಾಲಾಮುಖಿ ಉಗುಳುವ ಕಾರ್ಬನ್ ಡೈಆಕ್ಸೈಡ್ ನೆಲದೊಳಗೇ ತಯಾರಾಗಿರುತ್ತದೆ. ಅದು ಗಾಳಿಯ ಆಮ್ಲಜನಕವನ್ನು ತಿನ್ನುವುದಿಲ್ಲ. ತಿನ್ನುವುದು ಬೆಂಕಿ.

ಕಾಡು ಸುಟ್ಟರೂ ಹಾಗೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಇಂದಿನ ಮರದಲ್ಲಿ ಕಾರ್ಬನ್-14 ಎಂಬ ವಿಕಿರಣ ಇಂಗಾಲ ಸ್ವಲ್ಪ ಇರುತ್ತದೆ. ಅದು ಸುಮಾರು 5,730 ವರ್ಷಕ್ಕೆ ಅರ್ಧ ಕರಗುತ್ತದೆ. ಕೋಟಿಗಟ್ಟಲೆ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಅದು ಉಳಿದೇ ಇಲ್ಲ. 1955ರಲ್ಲಿ ಹಾನ್ಸ್ ಸೂಸ್ ಮರಗಳನ್ನು ಪರೀಕ್ಷಿಸಿದಾಗ, ಹಿಂದಿನ ಶತಮಾನದ ಮರಕ್ಕಿಂತ ಹೊಸ ಮರದಲ್ಲಿ ಕಾರ್ಬನ್-14 ಕಡಿಮೆ ಸಿಕ್ಕಿತು. ಹಳೆಯ ಇಂಗಾಲ ಗಾಳಿಗೆ ಬೆರೆತು, ಗಾಳಿಯಿಂದ ಮರಕ್ಕೂ ಸೇರಿತ್ತು.

ಇನ್ನು, ಇದು ಈಚಿನ ಮಾತೇನಲ್ಲ. 1712ರಲ್ಲಿ ಥಾಮಸ್ ನ್ಯೂಕಮನ್ ಅವರ ಉಗಿ ಯಂತ್ರ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯಿಂದ ನೀರೆತ್ತತೊಡಗಿತು. ಕಲ್ಲಿದ್ದಲು ಸುಟ್ಟು ಇನ್ನಷ್ಟು ಕಲ್ಲಿದ್ದಲು ತೆಗೆಯುವ ಕೆಲಸ ಅದು. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಕಾರ್ಬನ್ ಡೈಆಕ್ಸೈಡ್ ಇದ್ದದ್ದು ಜಾಸ್ತಿ ಕಾಯಿತು, ಆರಲೂ ಹೆಚ್ಚು ಹೊತ್ತು ಹಿಡಿಯಿತು.

ನನಗೆ ಅಚ್ಚುಮೆಚ್ಚಿನವರು ಗೈ ಕ್ಯಾಲೆಂಡರ್. ಅವರು ಹವಾಮಾನ ತಜ್ಞರಲ್ಲ, ಉಗಿಯ ಎಂಜಿನಿಯರ್. ನಮ್ಮ ಕಸುಬಿನವರೇ! ಬಿಡುವಿನ ವೇಳೆಯಲ್ಲಿ 147 ಕೇಂದ್ರಗಳ ತಾಪಮಾನದ ದಾಖಲೆ ಕೂಡಿಹಾಕಿ, ಕೈಯಲ್ಲೇ ಲೆಕ್ಕ ಮಾಡಿದರು. ಅರ್ಧ ಶತಮಾನದಲ್ಲಿ ಇಂಧನ ಸುಟ್ಟು ಗಾಳಿಗೆ ಸೇರಿದ ಕಾರ್ಬನ್ ಡೈಆಕ್ಸೈಡ್ ಸುಮಾರು 15,000 ಕೋಟಿ ಟನ್, ಭೂಮಿ ಆಗಲೇ ಬೆಚ್ಚಗಾಗುತ್ತಿದೆ ಅಂತ 1938ರಲ್ಲಿ ಬರೆದರು. ನಮ್ಮ ರಿಜಿಸ್ಟರ್‌ನಲ್ಲಿ ಇಲ್ಲದ ಕಾಲಂ ಅವರು ತುಂಬಿದ್ದರು. ಇದರಿಂದ ಒಳ್ಳೆಯದೇ ಆಗುತ್ತದೆ ಅಂದುಕೊಂಡಿದ್ದರು. ಅದೊಂದು ತಪ್ಪಿತು. ಆಗಿನ ತಜ್ಞರಲ್ಲಿ ಹೆಚ್ಚಿನವರು ಅವರ ಮಾತನ್ನು ನಂಬಲಿಲ್ಲ.

1958ರಲ್ಲಿ ರಾಲ್ಫ್ ಅವರ ತಂದೆ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳೆಯಲು ಶುರು ಮಾಡಿದಾಗ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಭಾಗ ಇತ್ತು. ಈಗ ಅದೇ ಬೆಟ್ಟದಲ್ಲಿ 420 ದಾಟಿದೆ.