ಬೇಸ್ ಬೇಕು, ಬಾಗಿಲ ಸ್ಪೀಕರ್ ಸುಡಬಾರದು

ಪ್ರಶ್ನೆ: ನನ್ನದು ಚಿಕ್ಕ ಹ್ಯಾಚ್‌ಬ್ಯಾಕ್ ಕಾರು. ಸ್ಟೀರಿಯೊ, ನಾಲ್ಕು ಬಾಗಿಲ ಸ್ಪೀಕರ್ ಎಲ್ಲ ಕಂಪನಿಯವೇ. ಡೊಳ್ಳಿನ ಪೆಟ್ಟು ತಗಡು ಬಡಿದ ಹಾಗೆ ಕೇಳಿಸುತ್ತದೆ. ಬೇಸ್ ಏರಿಸಿದರೆ ಬಾಗಿಲೇ ಗಡಗಡ ಅನ್ನುತ್ತದೆ. ಸೀಟಿನ ಕೆಳಗಿಡುವ ಸಬ್‌ವೂಫರ್ ಹಾಕಿಸಲು ಹೋದರೆ, ಹಿಂದಿನ ಸ್ಪೀಕರ್ ವೈರಿನಿಂದಲೇ ಲೈನ್ ತೆಗೆಯುತ್ತೇವೆ ಅನ್ನುತ್ತಾರೆ. ಸ್ಪೀಕರ್ ಹಾಳಾಗುವುದಿಲ್ಲವೇ?
– ಓದುಗರು, ತಿಪಟೂರು

ಉತ್ತರ: ಲೈನ್ ತೆಗೆದ ಮಾತ್ರಕ್ಕೆ ಹಾಳಾಗುವುದಿಲ್ಲ. ಸೀಟಿನ ಕೆಳಗಿನ ಸಬ್‌ಗೆ ಒಳಗೇ ಆಂಪ್ಲಿಫೈಯರ್ ಇರುತ್ತದೆ. ಅದರ ‘ಹೈ ಲೆವೆಲ್ ಇನ್‌ಪುಟ್’ ಸ್ಪೀಕರ್ ವೈರಿನಿಂದ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು. ಆದರೆ ಆಂಪ್ ಇಲ್ಲದ ಬರೀ ವೂಫರನ್ನು ಅದೇ ವೈರಿಗೆ ಜೋಡಿಸಲು ಬಿಡಬೇಡಿ. 4 ಓಮ್ ಸ್ಪೀಕರಿನ ಪಕ್ಕ ಇನ್ನೊಂದು 4 ಓಮ್ ಪ್ಯಾರಲಲ್ ಆಗಿ ಕೂತರೆ ಉಳಿಯುವುದು 2 ಓಮ್. ಅಷ್ಟು ಕರೆಂಟ್ ಕೊಡಲಾಗದೆ ಸ್ಟೀರಿಯೊದ ಐಸಿ (ಸ್ಪೀಕರಿಗೆ ಪವರ್ ಕೊಡುವ ಚಿಪ್) ವಿಪರೀತ ಬಿಸಿಯಾಗುತ್ತದೆ. ಇನ್ನೊಂದು ಮಾತು: ಸ್ಪೀಕರಿನ ಮೈನಸ್ ವೈರನ್ನು ಕಾರಿನ ಬಾಡಿಗೆ (ಲೋಹದ ಮೈಗೆ) ತಾಗಿಸಲೇಬಾರದು. ಇಂದಿನ ಸ್ಟೀರಿಯೊಗಳಲ್ಲಿ ಎರಡೂ ವೈರಿನಲ್ಲಿ ಸುಮಾರು 6 ವೋಲ್ಟ್ ಇರುತ್ತದೆ. ಮೈನಸ್ ಅರ್ತ್ ಆದರೆ ಐಸಿಯೇ ಸುಡಬಹುದು.

ಬಾಗಿಲ ಸ್ಪೀಕರಿಗೆ ನಿಜವಾದ ಶತ್ರು ನಾವು ಅದರಿಂದ ಕೇಳುವ ಬೇಸ್. ಅಷ್ಟೇ ಜೋರು ಸದ್ದಿಗೆ 80 ಹರ್ಟ್ಸ್‌ನಿಂದ 40ಕ್ಕೆ ಇಳಿದರೆ ಕೋನ್ ನಾಲ್ಕು ಪಟ್ಟು ದೂರ ಆಡಬೇಕು. ಕಂಪನಿಯ ತೆಳ್ಳನೆ ಕಾಗದದ ಕೋನಿಗೆ ಅದು ಆಗದ ಕೆಲಸ. ಸ್ಟೀರಿಯೊ ಮೇಲೆ 50 ವ್ಯಾಟ್ ಎಂದು ಬರೆದಿದ್ದರೂ ಒಂದು ಚಾನೆಲ್‌ಗೆ ನಿಜವಾಗಿ ಸಿಗುವುದು 15ರಿಂದ 20 ವ್ಯಾಟ್. ಅದನ್ನು ಮೀರಿ ವಾಲ್ಯೂಮ್ ತಿರುಗಿಸಿದರೆ ಸ್ಪೀಕರಿಗೆ ಹೋಗುವ ಅಲೆಯ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಪೂರ್ತಿ ಚಪ್ಪಟೆಯಾದ ಅಲೆ ಅದೇ ಎತ್ತರದ ನುಣುಪು ಅಲೆಗಿಂತ ಎರಡು ಪಟ್ಟು ಪವರ್ ಕಾಯಿಲ್‌ಗೆ (ಕೋನನ್ನು ಆಡಿಸುವ ತಂತಿ ಸುರುಳಿಗೆ) ತುಂಬುತ್ತದೆ. ಕಾಯಿಲ್ ಸುಡುವುದು ಹೀಗೆ. ನಿಮ್ಮದು ಈಗಾಗಲೇ ಕೆಟ್ಟಿದೆಯೇ ಎಂದು ನೋಡಲು ಸ್ಟೀರಿಯೊ ಆಫ್ ಮಾಡಿ, ಜಾಲಿ ಬಿಚ್ಚಿ, ಕೋನಿನ ನಡುಭಾಗವನ್ನು ನಾಲ್ಕು ಬೆರಳಿನಿಂದ ಸಮನಾಗಿ ಮೆಲ್ಲಗೆ ಒತ್ತಿ. ನುಣುಪಾಗಿ ಹೋಗಿ ಬರಬೇಕು. ಕರಕರ ಉಜ್ಜಿದರೆ ಕಾಯಿಲ್ ಸುಟ್ಟಿದೆ ಅಥವಾ ಓರೆಯಾಗಿದೆ.

ಹಾಗಾಗಿ ಸಬ್ ಹಾಕುವುದರ ಜೊತೆಗೇ ಬಾಗಿಲುಗಳಿಂದ ಬೇಸ್ ಇಳಿಸಿ. ಆಗ ಹಳೆ ಸ್ಪೀಕರಿಗೆ ಮೊದಲಿಗಿಂತ ಹೊರೆ ಕಮ್ಮಿ. ಸ್ಟೀರಿಯೊದಲ್ಲಿ ಹೈಪಾಸ್ (ಬೇಸ್ ತಡೆದು ಮೇಲಿನ ಸದ್ದು ಮಾತ್ರ ಬಿಡುವ ಸೆಟ್ಟಿಂಗ್) ಇದ್ದರೆ 80ರಿಂದ 100 ಹರ್ಟ್ಸ್‌ಗೆ ಇಡಿ. ಇಲ್ಲದಿದ್ದರೆ ಪ್ರತಿ ಸ್ಪೀಕರಿನ ಪ್ಲಸ್ ವೈರಿಗೆ ಸೀರೀಸ್‌ನಲ್ಲಿ ಒಂದು ಕೆಪಾಸಿಟರ್. 4 ಓಮ್‌ಗೆ 330 ಮೈಕ್ರೊಫ್ಯಾರಡ್ ಹಾಕಿದರೆ ಸುಮಾರು 120 ಹರ್ಟ್ಸ್‌ನಿಂದ ಕೆಳಗೆ, 470 ಹಾಕಿದರೆ ಸುಮಾರು 85ರಿಂದ ಕೆಳಗೆ ಬೇಸ್ ಕರಗುತ್ತ ಹೋಗುತ್ತದೆ. ನಾನ್‌ಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ), 50 ವೋಲ್ಟಿನದೇ ಕೇಳಿ.

ಬಹಳ ಕಡೆ ಎಡವುವುದು ಇಲ್ಲೇ. ಸಬ್‌ಗೆ ಲೈನ್ ತೆಗೆಯಬೇಕಾದ್ದು ಕೆಪಾಸಿಟರಿಗಿಂತ ಮುಂಚೆ, ಸ್ಟೀರಿಯೊ ಕಡೆಯಿಂದ. ಆಚೆಯಿಂದ ತೆಗೆದರೆ ಬೇಸ್ ಸೋಸಿದ ಸದ್ದು ಸಬ್‌ಗೆ ಹೋಗುತ್ತದೆ. ‘ವೂಫರ್ ದಮ್ಮಿಲ್ಲ’ ಎಂದು ಗೇನ್ (ಸಬ್‌ಗೆ ಬರುವ ಸಿಗ್ನಲ್ ಹಿಗ್ಗಿಸುವ ಗುಂಡಿ) ತಿರುಗಿಸುತ್ತ ಕೂರುತ್ತೀರಿ. ಸ್ಟೀರಿಯೊದ ಹೈಪಾಸ್ ಬಳಸಿದರೂ ಹೀಗೆಯೇ: ಲೈನ್ ತೆಗೆದ ಹಿಂದಿನ ಚಾನೆಲ್ ‘ಫುಲ್’ ಇರಲಿ, ಆ ಸ್ಪೀಕರುಗಳಿಗೆ ಮಾತ್ರ ಕೆಪಾಸಿಟರ್ ಹಾಕಿ. ಕಂಪನಿ ವೈರ್ ಕತ್ತರಿಸಬೇಡಿ. ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್ ಹಾರ್ನೆಸ್ ಸಿಗುತ್ತದೆ. ಮುಂದೆ ವಾರಂಟಿ ತಕರಾರು ತಪ್ಪುತ್ತದೆ.

ಪವರ್ ವೈರ್ ನೇರ ಬ್ಯಾಟರಿಯಿಂದ ಬರಲಿ. 150 ವ್ಯಾಟ್ ಸಬ್‌ಗೆ 8 ಗೇಜ್‌ನ ಅಪ್ಪಟ ತಾಮ್ರದ ವೈರ್ ಧಾರಾಳ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರೂ ಮಾರುತ್ತಾರೆ, ತುದಿ ಕೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ಬೇಡ. ಮ್ಯಾನ್ಯುವಲ್ ಹೇಳಿದ ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಬೇಕು, ಎಂಜಿನ್ ಕಡೆಯಿಂದ ಒಳಬರುವ ತೂತಿಗೆ ರಬ್ಬರ್ ಗ್ರೊಮೆಟ್ ಬೇಕೇ ಬೇಕು. ಇವೆರಡೂ ಇಲ್ಲದೆ ವೈರ್ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿಯೇ. ಸಬ್ ಆನ್ ಮಾಡುವ ರಿಮೋಟ್ ವೈರ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಹೋಗಲಿ, ಇಲ್ಲವಾದರೆ ಬೆಳಗ್ಗೆ ಬ್ಯಾಟರಿ ಮಲಗಿರುತ್ತದೆ.

ಕೊನೆಗೆ ಟ್ಯೂನಿಂಗ್. ಸ್ಟೀರಿಯೊದ ಬೇಸ್, ಲೌಡ್‌ನೆಸ್ ಸೊನ್ನೆಗೆ. ಸಬ್‌ನ ಲೋಪಾಸ್ (ಬೇಸ್ ಮಾತ್ರ ಬಿಡುವ ಸೆಟ್ಟಿಂಗ್) 80 ಹರ್ಟ್ಸ್‌ಗೆ, ಬೇಸ್ ಬೂಸ್ಟ್ ಸೊನ್ನೆ, ಗೇನ್ ಪೂರ್ತಿ ಕೆಳಗೆ. ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು ಗೇನ್ ನಿಧಾನ ಏರಿಸಿ. ಡೊಳ್ಳಿನ ಪೆಟ್ಟು ಒಡೆದಂತಾದ ಕೂಡಲೇ ಸ್ವಲ್ಪ ಹಿಂದಕ್ಕೆ ತಂದು ಬಿಡಿ. ಫೇಸ್ ಸ್ವಿಚ್ಚನ್ನು 0 ಮತ್ತು 180 ಎರಡರಲ್ಲೂ ಹಾಕಿ ಕೇಳಿ. ಡ್ರೈವರ್ ಸೀಟಿನಲ್ಲಿ ಯಾವುದಕ್ಕೆ ಬೇಸ್ ತುಂಬಿ ಬರುತ್ತದೋ ಅದೇ ಸರಿ.

ಪ್ರಶ್ನೆ: ಸಬ್ ಹಾಕಿಸಿದ ಮೇಲೆ ಆಕ್ಸಿಲರೇಟರ್ ಒತ್ತಿದಂತೆಲ್ಲ ‘ಕುಂಯ್’ ಎಂಬ ಸದ್ದೂ ಏರುತ್ತದೆ. ಏಕೆ?
– ಓದುಗರು, ಶಿರಸಿ

ಉತ್ತರ: ಅದು ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡುವ ಎಂಜಿನ್ ಜನರೇಟರಿನ) ಸದ್ದು, ಮೊದಲ ಅನುಮಾನ ಅರ್ತ್ ಮೇಲೆ. ಅರ್ತ್ ವೈರ್ ಅರ್ಧ ಮೀಟರಿಗಿಂತ ಗಿಡ್ಡವಿರಲಿ. ಬೋಲ್ಟ್ ಕೂರುವ ಜಾಗದ ಪೇಂಟ್ ಕೆರೆದು ಹೊಳೆಯುವ ತಗಡಿಗೇ ಬಿಗಿಸಿ, ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಿ. ಸೀಟ್ ಬೆಲ್ಟ್ ಬೋಲ್ಟಿಗೆ ಮಾತ್ರ ಕೈ ಹಾಕಬೇಡಿ. ತಾನಾಗಿ ಎಂಜಿನ್ ನಿಂತು ಹೊರಡುವ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಕ್ಲಾಂಪಿನಲ್ಲೇ ಸೆನ್ಸರ್ ಇರುವುದುಂಟು. ಅಂಥದರಲ್ಲಿ ಅರ್ತ್ ವೈರನ್ನು ಮೈನಸ್ ಕಂಬಕ್ಕೆ ನೇರ ಕಟ್ಟದೆ ಕಾರಿನ ತಗಡಿಗೇ ಬಿಗಿಸಿ. ಅರ್ತ್ ಸರಿಪಡಿಸಿದರೂ ಸದ್ದು ಹೋಗದಿದ್ದರೆ ಸಿಗ್ನಲ್ ವೈರ್ ಪವರ್ ವೈರಿನ ಜೊತೆಗೇ ಓಡಿರಬಹುದು. ಒಂದನ್ನು ಕಾರಿನ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಎಳೆಸಿ.