ಉದ್ದ ಲೆನ್ಸ್ ಬೇಡ, ಹತ್ತಿರ ಹೋಗಿ

ಫ್ರೀಡಂ ಪಾರ್ಕ್‌ನಲ್ಲಿ ಗೆಳೆಯರ ಜೊತೆ ಪ್ರತಿಭಟನೆಗೆ ಕೂರುತ್ತಾ ಫೋಟೊನೂ ತೆಗೆಯಬೇಕು, ದೂರದ್ದನ್ನು ಹತ್ತಿರ ತೋರಿಸುವ 70-200 ಎಂಎಂ ಉದ್ದ ಲೆನ್ಸ್ ಒಯ್ಯಲಾ ಅಂತ ಕೇಳಿದ್ದೀರಿ. ಬೇಡ, ಹತ್ತಿರದಿಂದ ಅಗಲವಾಗಿ ತೆಗೆಯುವ 35 ಎಂಎಂ ಲೆನ್ಸ್ ಸಾಕು. ನೂಕುನುಗ್ಗಲಲ್ಲಿ ಫೋಕಸ್ ಹುಡುಕಲು ಸಮಯ ಸಿಗುವುದಿಲ್ಲ. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ಎಫ್/8ಕ್ಕೆ ಇಟ್ಟು, 3 ಮೀಟರ್‌ಗೆ ಮೊದಲೇ ಫೋಕಸ್ ಮಾಡಿಬಿಡಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ ಸುಮಾರು 2ರಿಂದ 7 ಮೀಟರ್‌ವರೆಗೆ ಸ್ಪಷ್ಟವಾಗಿ ಬರುತ್ತದೆ.

1968ರ ಮೇ 6ರಂದು ವಿದ್ಯಾರ್ಥಿ ಪ್ರತಿಭಟನೆಯ ವೇಳೆ ಪ್ಯಾರಿಸ್‌ನ ಸೊರ್ಬಾನ್ ವಿಶ್ವವಿದ್ಯಾಲಯದ ಎದುರು ಛಾಯಾಗ್ರಾಹಕ ಜಿಲ್ ಕಾರೊನ್ ತೆಗೆದ ಫೋಟೊ ಹುಡುಕಿ ನೋಡಿ. ವಿದ್ಯಾರ್ಥಿ ನಾಯಕ ಕೊಹ್ನ್-ಬೆಂಡಿಟ್ ಪೊಲೀಸರೊಬ್ಬರ ಮುಖ ನೋಡಿ ತುಂಟ ನಗು ನಗುತ್ತಿದ್ದಾರೆ. ಹತ್ತಿರ ನಿಂತರೆ ಮಾತ್ರ ಸಿಗುವ ನಗು ಅದು, ಅಲ್ವಾ?

ವೇದಿಕೆಯ ಭಾಷಣ ಎಲ್ಲರೂ ತೆಗೆಯುತ್ತಾರೆ. ನೀವು ಕೈಗಳನ್ನು ನೋಡಿ. ಒಮ್ಮೆ ಒಬ್ಬ ಹುಡುಗಿ ನೆಲದ ಮೇಲೆ ಕೂತು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಘೋಷಣೆ ಬರೆಯುತ್ತಿದ್ದಳು. ಮಾರ್ಕರ್ ಮಸಿ ಬೆರಳಿಗೆಲ್ಲ ಮೆತ್ತಿತ್ತು. ನಾನು ತೆಗೆದದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದ ಫೋಟೊ ಅದೇ.

ಇನ್ನು ಮುಖಗಳ ವಿಷಯ. ದಯವಿಟ್ಟು ಅಲ್ಲಿಂದಲೇ ಅಪ್‌ಲೋಡ್ ಮಾಡಬೇಡಿ. ಕಾಲೇಜಿನವರೋ ಮನೆಯವರೋ ನೋಡಿದರೆ ಕಷ್ಟ ಫೋಟೊದಲ್ಲಿರುವ ಮಕ್ಕಳಿಗೆ. ಕ್ಲೋಸಪ್ ತೆಗೆದರೆ ಸ್ಕ್ರೀನ್ ತೋರಿಸಿ ಕೇಳಿ. ಬೇಡ ಅಂದರೆ ಅವರೆದುರೇ ಅಳಿಸಿ. ಫೋನಿನಲ್ಲಿ ತೆಗೆಯುವುದಾದರೆ ಕ್ಯಾಮೆರಾದ ಲೊಕೇಶನ್ ಮನೆಯಲ್ಲೇ ಆಫ್ ಮಾಡಿಕೊಂಡು ಹೋಗಿ.