150 ಸಿಸಿ ಬೈಕಿಗೆ ವಿಂಗ್ಲೆಟ್ ಹಾಕಿಸಿದರೆ ಗ್ರಿಪ್ ಜಾಸ್ತಿ ಆಗುತ್ತಾ?

ನಿಮ್ಮ 150 ಸಿಸಿ ಬೈಕಿಗೆ ಪ್ಲಾಸ್ಟಿಕ್ ವಿಂಗ್ಲೆಟ್ (ಮುಂಭಾಗದ ಎರಡೂ ಪಕ್ಕ ಕೂರಿಸುವ ಪುಟ್ಟ ರೆಕ್ಕೆ) ಹಾಕಿಸಿದರೆ ಡೌನ್‌ಫೋರ್ಸ್ ಬಂದು ತಿರುವಿನಲ್ಲಿ ಜಾರುವುದಿಲ್ಲ ಅಂತ ಅಂಗಡಿಯವರು ಹೇಳಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ನಿಜ ಅಲ್ಲ. ತಿರುವಿನ ಮಾತು ರೇಸ್ ಬೈಕಿಗೂ ಪೂರ್ತಿ ಸರಿಯಲ್ಲ. ಹಾಗಂತ ವಿಂಗ್ಲೆಟ್ ಸುಮ್ನೆ ಅಂದಕ್ಕೆ ಇರುವುದಲ್ಲ, ಅದರ ಕೆಲಸವೇ ಬೇರೆ.

ನಾನು ಸಿರುಗುಪ್ಪದ ಕಡೆಯವನು. ಒಮ್ಮೆ ದನದ ಕೊಟ್ಟಿಗೆಗೆ ಬೈಕಿನಲ್ಲಿ ತಗಡು ತರುವಾಗ ನನ್ನ ತಮ್ಮ ಹಿಂದೆ ಕೂತು ಅದನ್ನು ತಲೆ ಮೇಲೆ ಹಿಡಿದಿದ್ದ. (ನೀವು ಹಾಗೆ ಮಾಡಬೇಡಿ, ತುಂಬಾ ಅಪಾಯ.) ತಗಡಿನ ಮುಂದಿನ ಅಂಚು ಸ್ವಲ್ಪ ಎದ್ದರೆ ಸಾಕು, ಗಾಳಿ ಕಿತ್ತುಕೊಂಡು ಹೋಗುವ ಹಾಗೆ ಎತ್ತುತ್ತಿತ್ತು. ಅಂಚು ಬಾಗಿದರೆ ಅವನ ತಲೆಯನ್ನೇ ಅದುಮುತ್ತಿತ್ತು. "ಅಣ್ಣಾ, ಮೆಲ್ಲಕ ಹೋಗು" ಅಂತ ದಾರಿಯುದ್ದಕ್ಕೂ ಕೂಗುತ್ತಿದ್ದ. ಆ ಅದುಮುವ ಬಲವೇ ಡೌನ್‌ಫೋರ್ಸ್. ರೆಕ್ಕೆ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಕೆಳಕ್ಕೆ ತಳ್ಳುತ್ತದೆ.

ರೇಸ್ ಬೈಕಿಗೆ ಇದು ಯಾಕೆ ಬೇಕು? ಹಿಂದೆ ಎರಡು ಯೂರಿಯಾ ಚೀಲ ಕಟ್ಟಿಕೊಂಡು ಗದ್ದೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಚೀಲಕ್ಕೆ 45 ಕೆಜಿ. ಹ್ಯಾಂಡಲ್ ಹಗುರಾಗುತ್ತದೆ, ಜೋರಾಗಿ ಎಕ್ಸಲೇಟರ್ ಕೊಟ್ಟರೆ ಮುಂದಿನ ಚಕ್ರ ನೆಲ ಬಿಡುತ್ತೇನೆ ಅನ್ನುತ್ತದೆ. ಮೋಟೋಜಿಪಿ (ಬೈಕ್ ರೇಸಿನ ಅತಿ ದೊಡ್ಡ ಪಂದ್ಯಾವಳಿ) ಬೈಕಿಗೆ ಚೀಲವೇ ಬೇಡ, ಎಂಜಿನ್ ಶಕ್ತಿಯೇ ಚಕ್ರವನ್ನು ಎತ್ತಿಬಿಡುತ್ತದೆ. ಅದನ್ನು ತಡೆಯಲು ಬೈಕಿನೊಳಗಿನ ಕಂಪ್ಯೂಟರ್ ಎಂಜಿನ್ ಶಕ್ತಿಯನ್ನು ಕಡಿಮೆ ಮಾಡಬೇಕು, ಆಗ ವೇಗ ಹೋಯಿತು. ಗಾಳಿಯೇ ಚಕ್ರವನ್ನು ಒತ್ತಿ ಹಿಡಿದರೆ ಅಷ್ಟು ಕಡಿಮೆ ಮಾಡಬೇಕಾಗಿಲ್ಲ. 2015ರಲ್ಲಿ ಇಟಲಿಯ ಬೈಕ್ ಕಂಪನಿ ಡುಕಾಟಿ ಮೋಟೋಜಿಪಿಗೆ ಈ ರೆಕ್ಕೆ ತಂದಿತು. ಚಾಚಿಕೊಂಡ ರೆಕ್ಕೆ ಬೇರೆ ಸವಾರರಿಗೆ ತಾಗಬಹುದೆಂಬ ಭಯಕ್ಕೆ 2017ರಿಂದ ಅದನ್ನು ನಿಷೇಧಿಸಿದರು. ಆಮೇಲೆ ತುದಿ ಮುಚ್ಚಿ ಬೈಕಿನ ಹೊರಕವಚಕ್ಕೇ, ಅಂದರೆ ಫೇರಿಂಗಿಗೇ ಸೇರಿಸಿದ ರೆಕ್ಕೆಗಳು ಬಂದವು.

ಇನ್ನು ತಿರುವು. ರೇಸ್ ಕಾರು ತಿರುವಿನಲ್ಲೂ ನೆಟ್ಟಗೆ ಇರುತ್ತದೆ, ಅದರ ರೆಕ್ಕೆ ನೇರ ಕೆಳಕ್ಕೇ ಒತ್ತುತ್ತದೆ. ಬೈಕು ಬಾಗುತ್ತದೆ, ರೆಕ್ಕೆಯೂ ಜೊತೆಗೇ ಬಾಗುತ್ತದೆ. ಮೋಟೋಜಿಪಿ ಸವಾರರು 60 ಡಿಗ್ರಿಗೂ ಜಾಸ್ತಿ ಬಾಗಿಸುತ್ತಾರೆ. 60 ಡಿಗ್ರಿಯಲ್ಲಿ ರೆಕ್ಕೆಯ ಬಲದಲ್ಲಿ ಅರ್ಧ ಮಾತ್ರ ನೆಲದ ಕಡೆಗೆ. ಅದಕ್ಕಿಂತ ದೊಡ್ಡ ಬಲ ಬೈಕನ್ನು ತಿರುವಿನ ಹೊರಗೆ ನೂಕುತ್ತದೆ! ಅದಕ್ಕೇ ಈಗ ಬಾಗಿದಾಗ ನೆಲಕ್ಕೆ ಹತ್ತಿರ ಬರುವ ಫೇರಿಂಗಿನ ಕೆಳಭಾಗವನ್ನು ಬಳಸಿಕೊಳ್ಳುತ್ತಾರೆ. ಆ ಸಂದಿಯಲ್ಲಿ ಗಾಳಿ ಜೋರಾಗಿ ನುಗ್ಗಿ ಒತ್ತಡ ಇಳಿಯುತ್ತದೆ, ನೆಲವೇ ಬೈಕನ್ನು ಎಳೆದುಕೊಂಡ ಹಾಗಾಗುತ್ತದೆ. ಈ ಉಪಾಯ ಕಂಡುಕೊಂಡವರನ್ನು ನೆನೆದರೆ ನನಗೆ ಈಗಲೂ ಖುಷಿ.

ನಿಮ್ಮ ಬೈಕಿಗೆ ಬರೋಣ. ಡುಕಾಟಿ ಪಾನಿಗಾಲೆ ವಿ4 ಬೈಕಿನ ರೆಕ್ಕೆ 270 ಕಿ.ಮೀ. ವೇಗದಲ್ಲಿ ಸುಮಾರು 30 ಕೆಜಿ ಒತ್ತುತ್ತದೆ ಅಂತ ಕಂಪನಿಯೇ ಹೇಳಿದೆ. ವೇಗ ಅರ್ಧವಾದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ಲೆಕ್ಕದಲ್ಲಿ 60 ಕಿ.ಮೀ. ವೇಗಕ್ಕೆ ಸಿಗುವುದು ಒಂದೂವರೆ ಕೆಜಿ. ಟ್ಯಾಂಕಿಗೆ ಎರಡು ಲೀಟರ್ ಪೆಟ್ರೋಲ್ ಹಾಕಿಸಿದರೆ ಅಷ್ಟೇ ತೂಕ ಬರುತ್ತದೆ, ಅಲ್ವಾ? ಅದೂ ಪರೀಕ್ಷೆ ಮಾಡಿ ರೂಪಿಸಿದ ರೆಕ್ಕೆಗೆ.

ಅದಿರು ಲಾರಿ ಪಕ್ಕದಲ್ಲಿ ಹಾದಾಗ ಬೈಕು ಅಲುಗಾಡುವುದಕ್ಕೂ ಇದು ಮದ್ದಲ್ಲ, ಆ ಗಾಳಿ ಬಡಿಯುವುದು ಪಕ್ಕದಿಂದ. ನಮ್ಮ ಕಡೆ ತಿರುವಿನಲ್ಲಿ ಜಾರಿಸುವುದು ಮರಳು, ಅದಿರಿನ ಧೂಳು, ಸುಗ್ಗಿಯಲ್ಲಿ ರಸ್ತೆ ಮೇಲೆ ಹರಡಿದ ಭತ್ತ. ಆ ದುಡ್ಡನ್ನು ಮುಂದಿನ ಟೈರಿಗೆ ಹಾಕಿ, ವಾರಕ್ಕೊಮ್ಮೆ ಗಾಳಿ ನೋಡಿಸಿ. ಈಗಾಗಲೇ ರೆಕ್ಕೆ ಹಾಕಿಸಿದ್ದರೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಂಡೇ ರಸ್ತೆಗೆ ಇಳಿಯಿರಿ.